ಉಲ್ಲೇಖದ ಎಣಿಕೆಯೂ ವಿದ್ಯೆಯ ತೂಕವೂ

ಜೀವಕೋಶ ವಿಜ್ಞಾನಿಯೊಬ್ಬರ ಪ್ರಬಂಧಗಳನ್ನು ಕುರಿತು ಕನ್ನಡ ಪಂಡಿತನೊಬ್ಬನು ಲೇಖನಿ ಹಿಡಿಯುವುದು ಈ ಸಂಪುಟದ ವಾಚಕರಲ್ಲಿ ಕೆಲವರಿಗೆ ಅಧಿಕಪ್ರಸಂಗವೆನಿಸಬಹುದು. ಆದರೆ ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವುದು ಜೀವಕೋಶದ ಸಂಗತಿಯೊಂದನ್ನೇ ಅಲ್ಲ. ಒಬ್ಬ ವಿದ್ವಾಂಸನು ಮತ್ತೊಬ್ಬನ ಮಾತನ್ನು ಹೆಸರಿಟ್ಟು ಎತ್ತಿ ಹೇಳುವ ‘ಉಲ್ಲೇಖ’ವೆಂಬ ಕ್ರಿಯೆಯೂ ಇದರಲ್ಲಿ ಸೇರಿದೆ, ವ್ಯಾಕರಣಾಲಂಕಾರಗಳನ್ನು ಗುರುಮುಖೇನ ಓದಿದವರಿಗೆ ಅದು ಮನೆಯ ವಿಷಯ. ಇಂದು ವಿಜ್ಞಾನ ಪ್ರಪಂಚದಲ್ಲಿ ಈ ಉಲ್ಲೇಖಗಳನ್ನು ಎಣಿಸಿ, ಆ ಎಣಿಕೆಯಿಂದ ವಿದ್ವಾಂಸನ ಯೋಗ್ಯತೆಯನ್ನು ನಿರ್ಣಯಿಸಿ, ಹುದ್ದೆ, ಬಡ್ತಿ, ಧನಸಹಾಯಗಳನ್ನು ಹಂಚುವ ಪದ್ಧತಿಯು ಬಲವಾಗಿ ಬೇರೂರಿದೆ. ಅದು ಎಷ್ಟರಮಟ್ಟಿಗೆ ಸಾಧು ಎಂಬುದನ್ನು ಜಪಾನಿನ ಯೋಶಿನೋರಿ ಓಸುಮಿ ಅವರ ಕಾರ್ಯವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಈ ಎಣಿಕೆಯ ಹುಟ್ಟನ್ನು ತಿಳಿಯುವುದು ಅವಶ್ಯಕ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಎಂಬವರು 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಲಹೆಯನ್ನು ಮುಂದಿಟ್ಟರು. ಯಾವ ಪ್ರಬಂಧವನ್ನು ಮುಂದಿನ ಯಾವ ಯಾವ ಪ್ರಬಂಧಗಳು ಉಲ್ಲೇಖಿಸಿವೆ ಎಂಬುದರ ಸೂಚಿಯೊಂದು ಸಿದ್ಧವಾದರೆ, ಹಳೆಯ ಪ್ರಬಂಧವನ್ನು ಯಾರು ಬೆಳೆಸಿದರು, ಯಾರು ತಿದ್ದಿದರು, ಯಾರು ಖಂಡಿಸಿದರು ಎಂಬುದು ಸಂಶೋಧಕನಿಗೆ ಸುಲಭವಾಗಿ ದೊರೆಯುವುದೆಂಬುದು ಅವರ ಆಶಯ. 1960ರ ದಶಕದಲ್ಲಿ ಅಂತಹ ಸೂಚಿಯು ಪ್ರಕಟವಾಗತೊಡಗಿತು. ದಾರಿ ತೋರಿಸಲೆಂದು ನೆಟ್ಟ ಕೈಮರವು ಕ್ರಮೇಣ ತಕ್ಕಡಿಯಾಗಿ ಮಾರ್ಪಟ್ಟಿತು. ಒಂದು ಪತ್ರಿಕೆಯು ಹಿಂದಿನ 2 ವರ್ಷಗಳಲ್ಲಿ ಪ್ರಕಟಿಸಿದ ಪ್ರಬಂಧಗಳಿಗೆ ಈ ವರ್ಷದಲ್ಲಿ ಬಂದ ಉಲ್ಲೇಖಗಳನ್ನು, ಆ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಿ ಪಡೆಯುವ ‘ಪ್ರಭಾವಾಂಕ’ವು ಪತ್ರಿಕೆಯ ಕುಲಗೋತ್ರವಾಯಿತು. 2005ರಲ್ಲಿ ಜಾರ್ಜ್ ಹಿರ್ಶ್ ಎಂಬ ಭೌತವಿಜ್ಞಾನಿಯು ವ್ಯಕ್ತಿಯನ್ನೇ ತೂಗುವ ‘ಎಚ್ ಸೂಚ್ಯಂಕ’ವನ್ನು ಹೊರತಂದರು. ಒಬ್ಬನ 20 ಪ್ರಬಂಧಗಳು ತಲಾ 20 ಬಾರಿಗೆ ಕಡಮೆಯಿಲ್ಲದಂತೆ ಉಲ್ಲೇಖಗೊಂಡಿದ್ದು, 21ನೆಯದಕ್ಕೆ ಆ ಭಾಗ್ಯವಿಲ್ಲದಿದ್ದರೆ ಅವನ ಸೂಚ್ಯಂಕ 20. ಲೆಕ್ಕವು ಸರಳ, ಸರಳವಾದುದರಿಂದಲೇ ಆಯ್ಕೆ ಸಮಿತಿಗಳಿಗೆ ಪ್ರಿಯವಾಯಿತು.

ಇನ್ನು ಓಸುಮಿಯವರ ವಿಚಾರ. 1945ರಲ್ಲಿ ಫುಕುವೋಕಾದಲ್ಲಿ ಜನಿಸಿದ ಇವರು ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ 1974ರಲ್ಲಿ ಡಾಕ್ಟರೇಟ್ ಪಡೆದರು. ಅನಂತರ ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾನಿಲಯದಲ್ಲಿ ಕೆಲಕಾಲವಿದ್ದು, 1977ರಲ್ಲಿ ಟೋಕಿಯೋಗೆ ಮರಳಿ ಕಿರಿಯ ಹುದ್ದೆಯೊಂದನ್ನು ವಹಿಸಿಕೊಂಡರು. ತಮ್ಮದೇ ಆದ ಪ್ರಯೋಗಶಾಲೆಯು ಇವರಿಗೆ ಒದಗಿದುದು 1988ರಲ್ಲಿ, 43ನೆಯ ವಯಸ್ಸಿನಲ್ಲಿ. ಅದೂ ಚಿಕ್ಕದು. ಬಹುಜನರು ನುಗ್ಗುವ ಹೆದ್ದಾರಿಯಲ್ಲಿ ಸ್ಪರ್ಧಿಸುವುದು ತಮ್ಮ ಸ್ವಭಾವಕ್ಕೆ ಒಗ್ಗದೆಂದು ಅವರೇ ಹೇಳಿಕೊಂಡಿದ್ದಾರೆ. ಅವರು ಆರಿಸಿಕೊಂಡುದು ಯೀಸ್ಟ್ ಎಂಬ ಸೂಕ್ಷ್ಮಜೀವಿಯ ರಸದಾನಿಯನ್ನು. ಹಿಟ್ಟನ್ನು ಹುದುಗೆಬ್ಬಿಸುವ ಈ ಜೀವಿಯು ಒಂದೇ ಕೋಶದ್ದು. ಅದರೊಳಗಿನ ರಸದಾನಿಯನ್ನು ಅಂದು ಹಲವರು ಜೀವಕೋಶದ ಕಸದ ಗುಂಡಿಯೆಂದೇ ತಿಳಿದಿದ್ದರು.

ಇಲ್ಲಿ ಶಾಸ್ತ್ರದ ಹಿನ್ನೆಲೆಯನ್ನು ಸ್ವಲ್ಪ ವಿವರಿಸಬೇಕು. ಜೀವಕೋಶವು ತನ್ನೊಳಗಿನ ಸವೆದ ಭಾಗಗಳನ್ನು ಪೊರೆಯಲ್ಲಿ ಸುತ್ತಿ ಚೀಲವನ್ನಾಗಿ ಮಾಡಿ, ಕಿಣ್ವಗಳಿರುವ ಕೋಣೆಗೆ ಸಾಗಿಸಿ, ಅಲ್ಲಿ ಕರಗಿಸಿ, ಬಂದ ಸಾಮಗ್ರಿಯನ್ನು ಮತ್ತೆ ಬಳಸಿಕೊಳ್ಳುತ್ತದೆ. ಹಳೆಯ ಮನೆಯ ತೊಲೆ ಜಂತೆಗಳನ್ನು ಬಿಚ್ಚಿ ಹೊಸ ಮನೆಗೆ ಬಳಸುವ ಗೃಹಸ್ಥನ ಜಾಣ್ಮೆ ಇದರಲ್ಲಿದೆ. ಆ ಕಿಣ್ವಕೋಣೆಯನ್ನು ಬೆಲ್ಜಿಯಂ ದೇಶದ ಕ್ರಿಶ್ಚಿಯನ್ ಡಿ ಡೂವ್ ಅವರು 1955ರಲ್ಲಿ ಲೈಸೋಸೋಮ್ ಎಂದು ಹೆಸರಿಸಿದರು. ಇಡೀ ಕ್ರಿಯೆಗೆ 1963ರಲ್ಲಿ ‘ಆಟೋಫಜಿ’ ಎಂದು, ಎಂದರೆ ಸ್ವಭಕ್ಷಣವೆಂದು ನಾಮಕರಣ ಮಾಡಿದರು. 1974ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ದೊರೆಯಿತು. ಆದರೆ ಈ ಕ್ರಿಯೆಯನ್ನು ನಡೆಸುವ ಸೂತ್ರಧಾರರು ಯಾರೆಂಬುದು ಅನಂತರವೂ ಬಹುಕಾಲ ತಿಳಿಯಲಿಲ್ಲ. ಹೆಸರಿತ್ತು, ಅದರ ಒಳಗಿನ ಯಂತ್ರವು ಕಾಣದಾಗಿತ್ತು. ಆ ವಿಷಯವನ್ನು ಕುರಿತು ಬರೆಯುವವರೂ ಕೆಲವೇ ಮಂದಿ.

ಓಸುಮಿಯವರ ಯುಕ್ತಿಯು ಸರಳವಾದುದು. ಯೀಸ್ಟಿನ ರಸದಾನಿಯೂ ಲೈಸೋಸೋಮಿನ ಕೆಲಸವನ್ನೇ ಮಾಡುತ್ತದೆ. ಅದರೊಳಕ್ಕೆ ಚೀಲಗಳು ಬಂದು ಬೀಳುತ್ತಿದ್ದರೂ ಕಿಣ್ವಗಳು ಅವನ್ನು ಕ್ಷಣಮಾತ್ರದಲ್ಲಿ ಕರಗಿಸಿಬಿಡುವುದರಿಂದ ನೋಡುವವನ ಕಣ್ಣಿಗೆ ಬೀಳುವುದಿಲ್ಲ. ಕರಗಿಸುವ ಕಿಣ್ವಗಳೇ ಇಲ್ಲದ ಯೀಸ್ಟನ್ನು ತಂದು ಉಪವಾಸ ಕೆಡವಿದರೆ ಚೀಲಗಳು ಕರಗದೆ ಉಳಿಯಬೇಕಷ್ಟೆ! ಹಾಗೆಯೇ ಮಾಡಿ, ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಲವೇ ಗಂಟೆಗಳಲ್ಲಿ ರಸದಾನಿಯು ಕುಣಿಯುವ ಸಣ್ಣ ಸಣ್ಣ ಗೋಳಗಳಿಂದ ತುಂಬಿಹೋಗಿತ್ತು. ಯೀಸ್ಟಿನಲ್ಲಿಯೂ ಸ್ವಭಕ್ಷಣವು ನಡೆಯುತ್ತದೆಂಬುದು ಸಿದ್ಧವಾಯಿತು. 1988ರ ಈ ದರ್ಶನವು ಮುದ್ರಣಗೊಂಡುದು 1992ರಲ್ಲಿ, ‘ಜರ್ನಲ್ ಆಫ್ ಸೆಲ್ ಬಯಾಲಜಿ’ಯಲ್ಲಿ. ನಡುವಣ 4 ವರ್ಷಗಳು ಮತ್ತೆ ಮತ್ತೆ ನೋಡುವುದಕ್ಕೂ, ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ದೃಢಪಡಿಸುವುದಕ್ಕೂ ಸಂದವು.

ಬಳಿಕ, ಅವರೂ ಅವರ ವಿದ್ಯಾರ್ಥಿನಿ ಮಿಕಿ ತ್ಸುಕಾಡಾ ಅವರೂ ಸೇರಿ, ಯೀಸ್ಟ್ ಕೋಶಗಳಲ್ಲಿ ಉತ್ಪರಿವರ್ತನೆಗಳನ್ನುಂಟುಮಾಡಿ, ಅವುಗಳಲ್ಲಿ ಸ್ವಭಕ್ಷಣದ ಶಕ್ತಿಯನ್ನು ಕಳೆದುಕೊಂಡವನ್ನು ಸಾವಿರಾರು ಕೋಶಗಳ ನಡುವಿನಿಂದ ಹೆಕ್ಕಿ ತೆಗೆದರು. ಈ ಕ್ರಿಯೆಗೆ ಅವಶ್ಯವಾದ 15 ಜೀನುಗಳ ಸುಳಿವು ಹೀಗೆ ದೊರೆಯಿತು. 1993ರಲ್ಲಿ ಇದನ್ನು ಹೇಳಿದ ಪ್ರಬಂಧವು ಕೇವಲ 6 ಪುಟಗಳದು. ಅದು ಪ್ರಕಟವಾದುದು ‘ಫೆಬ್ಸ್ ಲೆಟರ್ಸ್’ ಎಂಬ ಪತ್ರಿಕೆಯಲ್ಲಿ. ಅದು ಗೌರವಾನ್ವಿತ ಪತ್ರಿಕೆಯೇ ಹೌದು. ಆದರೆ ಪ್ರಭಾವಾಂಕದ ಪಂಕ್ತಿಯಲ್ಲಿ ಅಗ್ರಾಸನದಲ್ಲಿ ಕುಳಿತದ್ದಲ್ಲ. ಪ್ರಬಂಧವನ್ನು ಓದದೆ ಪತ್ರಿಕೆಯ ಹೆಸರನ್ನಷ್ಟೇ ನೋಡುವ ಪರೀಕ್ಷಕನು ಅದನ್ನು ಬದಿಗಿಟ್ಟು ಮುಂದಿನ ಅರ್ಜಿಗೆ ಕೈ ಹಾಕುತ್ತಿದ್ದನು.

ಮುಂದಿನ ಕಥೆಯು ಲೋಕವಿದಿತ. ಆ ಜೀನುಗಳ ಕಾರ್ಯವು ಒಂದೊಂದಾಗಿ ಬೆಳಕಿಗೆ ಬಂದಿತು. 1998ರಲ್ಲಿಯೂ 2000ದಲ್ಲಿಯೂ ‘ನೇಚರ್’ ಪತ್ರಿಕೆಯಲ್ಲಿ ಓಸುಮಿಯವರ ತಂಡದ ಪ್ರಬಂಧಗಳು ಪ್ರಕಟವಾದವು. ಅವೇ ಬಗೆಯ ಜೀನುಗಳು ಮನುಷ್ಯನಲ್ಲಿಯೂ ಇವೆಯೆಂಬುದು ಖಚಿತವಾಯಿತು. ಅಂತಹ ಒಂದು ಜೀನಿಲ್ಲದೆ ಹುಟ್ಟಿದ ಇಲಿಮರಿಗಳು ತಾಯ ಗರ್ಭದ ಆಹಾರ ನಿಂತ ಬಳಿಕದ ಹಸಿವನ್ನು ತಾಳಲಾರದೆ ಒಂದೇ ದಿನದಲ್ಲಿ ಸಾಯುತ್ತವೆಂದು 2004ರಲ್ಲಿ ತಿಳಿದುಬಂದಿತು. ನರಕೋಶಗಳಲ್ಲಿ ಈ ಕ್ರಿಯೆಯನ್ನು ತಡೆದರೆ ಇಲಿಯ ಮಿದುಳು ಕ್ಷಯಿಸುತ್ತದೆಂದು 2006ರಲ್ಲಿ ಪ್ರಕಟವಾಯಿತು. ಈ ಪ್ರಯೋಗಗಳ ಮುಂದಾಳುಗಳಲ್ಲಿ ನೊಬೊರು ಮಿಜುಷಿಮಾ ಅವರಂತಹ, ಓಸುಮಿಯವರ ಬಳಿಯೇ ಪಳಗಿದವರಿದ್ದರು. 2005ರಲ್ಲಿ ಈ ವಿಷಯಕ್ಕೇ ಮೀಸಲಾದ ಪತ್ರಿಕೆಯೊಂದು ಹುಟ್ಟಿತು. ಈಗ ವರ್ಷವೊಂದಕ್ಕೆ ಸಾವಿರಾರು ಪ್ರಬಂಧಗಳು ಸ್ವಭಕ್ಷಣವನ್ನು ಕುರಿತು ಬರುತ್ತಿವೆ. 2012ರಲ್ಲಿ ಕ್ಯೋಟೋ ಪಾರಿತೋಷಕವೂ, 2016ರಲ್ಲಿ ಮತ್ತಾರೊಡನೆಯೂ ಹಂಚಿಕೊಳ್ಳದ ನೊಬೆಲ್ ಪಾರಿತೋಷಕವೂ ಓಸುಮಿಯವರಿಗೆ ಸಂದವು. ಆಗ ಅವರಿಗೆ 71 ವರ್ಷ.

ಇಲ್ಲಿ ಒಂದು ಲೆಕ್ಕವನ್ನು ವಾಚಕರು ಗಮನವಿಟ್ಟು ನೋಡಬೇಕೆಂದು ಬೇಡುತ್ತೇನೆ. ಪಾರಿತೋಷಕವನ್ನು ಘೋಷಿಸಿದಾಗ ನೊಬೆಲ್ ಸಮಿತಿಯು ಮುಖ್ಯ ಪ್ರಬಂಧಗಳೆಂದು ಪಟ್ಟಿ ಮಾಡಿದುದು ನಾಲ್ಕನ್ನು ಮಾತ್ರ: 1992, 1993, 1998 ಮತ್ತು 2000ದವು. ನಾಲ್ಕರಲ್ಲಿಯೂ ಮೊದಲ ಹೆಸರು ಕಿರಿಯ ಸಹೋದ್ಯೋಗಿಯದು, ಓಸುಮಿಯವರ ಹೆಸರು ಕಟ್ಟಕಡೆಯಲ್ಲಿದೆ. ಅವರು ಇನ್ನೂ ಅನೇಕ ಪ್ರಬಂಧಗಳನ್ನು ಬರೆದಿದ್ದಾರೆಂಬುದು ನಿಜ. ಆದರೆ ಈ ನಾಲ್ಕನ್ನೇ ಬರೆದು ಸುಮ್ಮನಾಗಿದ್ದರೆ ಅವರ ಎಚ್ ಸೂಚ್ಯಂಕವೆಷ್ಟು? ಆ ಒಂದೊಂದಕ್ಕೂ ಹತ್ತು ಸಾವಿರ ಉಲ್ಲೇಖಗಳು ಬಂದರೂ ಅದು 4ನ್ನು ಮೀರಲಾರದು! ಶಾಸ್ತ್ರವೊಂದರ ಬಾಗಿಲನ್ನು ತೆರೆದವನಿಗೆ 4, ತೆರೆದ ಬಾಗಿಲಿನಿಂದ ಒಳಹೊಕ್ಕು 50 ಸಾಧಾರಣ ಪ್ರಬಂಧಗಳನ್ನು ಬರೆದವನಿಗೆ 20 ಅಥವಾ 30. ಇದು ಅಳತೆಗೋಲಿನ ಆಕಸ್ಮಿಕ ದೋಷವಲ್ಲ, ಅದರ ರಚನೆಯಲ್ಲಿಯೇ ಇರುವ ಗುಣ. ಅಂತೆಯೇ 2 ವರ್ಷಗಳ ಪ್ರಭಾವಾಂಕವೂ 1993ರ ಪ್ರಬಂಧದ ಬೆಲೆಯನ್ನು ಕಾಣಲಾರದಾಗಿತ್ತು. ಅದರ ಫಲವು ಮಾಗಿದುದು 5 ವರ್ಷ, 10 ವರ್ಷಗಳ ಬಳಿಕ. ಹಲಸಿನ ಸಸಿಯನ್ನು ನೆಟ್ಟು ಸೊಪ್ಪಿನ ಮಡಿಯ ಲೆಕ್ಕದಲ್ಲಿ ಫಸಲನ್ನು ಕೇಳಿದಂತಾಯಿತು.

ಉಲ್ಲೇಖಗಳು ಹೆಚ್ಚಾಗಿರುವಲ್ಲಿಯೂ ಅವು ಏನನ್ನು ಹೇಳುತ್ತವೆಂಬುದು ಬೇರೆಯೇ ಪ್ರಶ್ನೆ. ವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧಗಳಲ್ಲಿ ಅಗ್ರಗಣ್ಯವೆಂದು ಪ್ರಸಿದ್ಧವಾದುದು 1951ರಲ್ಲಿ ಆಲಿವರ್ ಲೌರಿ ಮತ್ತು ಸಂಗಡಿಗರು ಬರೆದುದು. ಅದಕ್ಕೆ 2014ರ ಹೊತ್ತಿಗೆ 3 ಲಕ್ಷಕ್ಕೂ ಮಿಕ್ಕ ಉಲ್ಲೇಖಗಳು ಬಂದಿದ್ದವು. ಅದರಲ್ಲಿರುವುದು ದ್ರಾವಣದಲ್ಲಿನ ಪ್ರೋಟೀನನ್ನು ಅಳೆಯುವ ಒಂದು ವಿಧಾನ. ಬಹು ಉಪಯುಕ್ತವಾದುದು, ಆದರೆ ಅದು ಮಹತ್ತಾದ ಪ್ರಬಂಧವೇನಲ್ಲವೆಂದು ಲೌರಿಯವರೇ ಹೇಳಿದ್ದರು. ಪ್ರತಿಯೊಂದು ಅಡುಗೆಮನೆಯಲ್ಲಿಯೂ ಸೌಟು ಬಳಕೆಯಾಗುತ್ತದೆಂದು ಸೌಟನ್ನೇ ನಳಪಾಕವೆನ್ನಲಾದೀತೆ? ಮತ್ತೆ ಕೆಲವು ಉಲ್ಲೇಖಗಳು ಖಂಡನೆಗಾಗಿ ಬರುತ್ತವೆ, ಕೆಲವು ದಾಕ್ಷಿಣ್ಯಕ್ಕಾಗಿ, ಕೆಲವು ಸ್ವಂತ ಹೆಸರನ್ನು ಬೆಳೆಸಿಕೊಳ್ಳುವುದಕ್ಕಾಗಿ. ಎಣಿಸುವ ಯಂತ್ರಕ್ಕೆ ಇವೆಲ್ಲವೂ ಒಂದೊಂದೇ.

ಇದಕ್ಕೆ ವಿಪರ್ಯಾಯವಾದ ಸಂಗತಿಯೂ ಉಂಟು. ಒಂದು ಮಾತು ಪೂರ್ಣವಾಗಿ ಸತ್ಯವೆಂದು ಎಲ್ಲರ ತಿಳಿವಳಿಕೆಯಲ್ಲಿ ಬೆರೆತುಹೋದ ಮೇಲೆ ಮೊದಲು ಹೇಳಿದವನನ್ನು ಯಾರೂ ಹೆಸರಿಸುವುದಿಲ್ಲ. ನಮ್ಮ ಶಾಲೆಗಳಲ್ಲಿ ಲೋಪ, ಆಗಮ, ಆದೇಶ ಸಂಧಿಗಳನ್ನು ದಿನವೂ ಕಲಿಸುತ್ತೇವೆ; ಪ್ರತಿ ಬಾರಿಯೂ ಕೇಶಿರಾಜನನ್ನು ಉಲ್ಲೇಖಿಸುತ್ತೇವೆಯೆ? ಸ್ವಭಕ್ಷಣದ ಜೀನುಗಳಿಗೆ 2003ರಲ್ಲಿ ಎಲ್ಲರೂ ಒಪ್ಪಿದ ಏಕರೂಪದ ಹೆಸರುಗಳು ಬಂದವು. ಇಂದು ಆ ಹೆಸರುಗಳನ್ನು ನಿತ್ಯವೂ ಬಳಸುವ ಎಷ್ಟೋ ತರುಣರು 1993ರ ಪ್ರಬಂಧವನ್ನು ಹೆಸರಿಸದೆ, ಅದನ್ನು ಸಂಗ್ರಹಿಸಿ ಹೇಳಿದ ಈಚಿನ ಸಮೀಕ್ಷೆಗಳನ್ನು ಹೆಸರಿಸುವುದು ಸಹಜ. ಆಳಕ್ಕೆ ಇಳಿದ ಬೇರು ಲೆಕ್ಕದ ಪುಸ್ತಕಕ್ಕೆ ಕಾಣುವುದಿಲ್ಲ.

ಕೇಶಿರಾಜನ ಹೆಸರು ಬಂದುದರಿಂದ ಉಲ್ಲೇಖದ ನಿಜವಾದ ಧರ್ಮವೇನೆಂಬುದನ್ನೂ ಆತನಿಂದಲೇ ಅರಿಯಬಹುದು. 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸುವಾಗ ಆತನು, ತನಗೆ ಪ್ರಮಾಣರಾದ ಪೂರ್ವಕವಿಗಳೆಂದು ಕೆಲವರನ್ನು ಹೆಸರಿಸುತ್ತಾನೆ. ಅವರಲ್ಲಿ ಗಜಗ, ಗುಣನಂದಿ, ಮನಸಿಜ ಇಂಥವರ ಕಾವ್ಯಗಳು ನಮಗೆ ಉಳಿದುಬಂದಿಲ್ಲ. ಅಸಗನ ಸಂಸ್ಕೃತ ಕಾವ್ಯವು ಉಳಿದಿದ್ದರೂ ಕನ್ನಡದ್ದು ದೊರೆತಿಲ್ಲ. ಎಣಿಕೆಯ ದೃಷ್ಟಿಯಿಂದ ಗಜಗನಿಗೆ ಇರುವುದು ಕೈಬೆರಳಿಗೆ ಸಿಗುವಷ್ಟು ಉಲ್ಲೇಖಗಳು. ಆದರೆ ಓದಿ, ತೂಗಿ, ಒಪ್ಪಿಕೊಂಡು ‘ಇವನಿಂದ ನಾನು ಪಡೆದೆ’ ಎಂದು ಒಬ್ಬ ಮಹಾವೈಯಾಕರಣನು ಹೇಳಿದ ಆ ಒಂದು ಮಾತು ಏಳು ಶತಮಾನಗಳಿಗೂ ಮೀರಿ ಆ ಹೆಸರನ್ನು ಹೊತ್ತು ತಂದಿದೆ. ಉಲ್ಲೇಖವೆಂಬುದು ಋಣಸ್ವೀಕಾರ. ಎಷ್ಟು ಮಂದಿ ಋಣಿಗಳೆಂಬುದಕ್ಕಿಂತ ಯಾವ ಋಣ, ಯಾರು ಒಪ್ಪಿಕೊಂಡರು, ಏತಕ್ಕಾಗಿ ಎಂಬುದೇ ಅದರಲ್ಲಿ ಮುಖ್ಯ. ಓಸುಮಿಯವರ ನಾಲ್ಕು ಪ್ರಬಂಧಗಳನ್ನು ನೊಬೆಲ್ ಸಮಿತಿಯು ಆರಿಸಿದುದೂ ಈ ಬಗೆಯ ಓದಿನಿಂದಲೇ.

ಇಷ್ಟು ಹೇಳಿದ ಮೇಲೆ ಪ್ರತಿಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬೇಕು. ‘ಸಂಖ್ಯೆಯನ್ನು ಬಿಟ್ಟರೆ ಉಳಿಯುವುದೇನು? ಬಂಧುತ್ವ, ಶಿಫಾರಸು, ಮುಖಸ್ತುತಿ! ದೂರದ ಊರಿನ, ಯಾರ ಬೆಂಬಲವೂ ಇಲ್ಲದ ತರುಣನಿಗೆ ತನ್ನ ಪ್ರಬಂಧಗಳ ಲೆಕ್ಕವೇ ರಕ್ಷೆ’ ಎಂದು ಅವರು ವಾದಿಸುತ್ತಾರೆ. ಈ ವಾದದಲ್ಲಿ ಹುರುಳಿದೆ. ನೇಮಕದ ಸಭೆಗಳಲ್ಲಿ ನಡೆಯುವುದನ್ನು ಬಲ್ಲ ಯಾರೂ ಇದನ್ನು ಅಲ್ಲಗಳೆಯಲಾರರು. ಆದಕಾರಣ ಸಂಖ್ಯೆಯನ್ನು ಸಂಪೂರ್ಣವಾಗಿ ತ್ಯಜಿಸಬೇಕೆಂದು ನಾನು ಹೇಳುವುದಿಲ್ಲ. ಅದು ಸಾಕ್ಷಿಯ ಕಟ್ಟೆಯಲ್ಲಿ ನಿಂತು ತನಗೆ ತಿಳಿದಷ್ಟನ್ನು ಹೇಳಲಿ. ತೀರ್ಪನ್ನು ಮಾತ್ರ ಪ್ರಬಂಧವನ್ನು ಓದಿದವರು ಬರೆಯಲಿ, ಬರೆದು ಅದಕ್ಕೆ ಕಾರಣವನ್ನೂ ಕೊಡಲಿ. ಕಾರಣ ಕೊಡಬೇಕಾದಲ್ಲಿ ಪಕ್ಷಪಾತಕ್ಕೆ ಎಡೆ ಕಡಮೆ. ಮೇಲಾಗಿ, ಸಂಖ್ಯೆಯೇ ದೊರೆಯಾದಲ್ಲಿ ವಂಚನೆ ನಿಲ್ಲುವುದೂ ಇಲ್ಲ, ಅದು ವೇಷ ಬದಲಿಸುತ್ತದೆ ಅಷ್ಟೆ.

ಇದಕ್ಕೆ ನಮ್ಮ ದೇಶದ ಅನುಭವವೇ ನಿದರ್ಶನ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2010ರ ನಿಯಮಾವಳಿಯಲ್ಲಿ ಕಾಲೇಜು ಮತ್ತು ವಿಶ್ವವಿದ್ಯಾನಿಲಯಗಳ ಅಧ್ಯಾಪಕರ ನೇಮಕ, ಬಡ್ತಿಗಳಿಗೆ ಅಂಕಪದ್ಧತಿಯನ್ನು ತಂದಿತು. ಪ್ರಬಂಧವೊಂದಕ್ಕೆ ಇಷ್ಟು ಅಂಕವೆಂದು ಗೊತ್ತಾಯಿತು. ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. ಕಡೆಗೆ 2018ರ ಮೇ ತಿಂಗಳಲ್ಲಿ ಆಯೋಗವೇ ತನ್ನ ಅನುಮೋದಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. ಈ ಕಾಟಕ್ಕೆ ವಿಜ್ಞಾನದವರಷ್ಟೇ ಸಿಕ್ಕಿಕೊಂಡರೆಂದು ತಿಳಿಯಬಾರದು. ಹಳಗನ್ನಡದ ಪಾಠವೊಂದನ್ನು ಪರಿಷ್ಕರಿಸಲು ಓಲೆಗರಿಗಳ ಮುಂದೆ ವರ್ಷಗಟ್ಟಲೆ ಕುಳಿತವನಿಗಿಂತ, ವರ್ಷಕ್ಕೆ ಆರು ಲೇಖನಗಳನ್ನು ಹೊಸೆದವನು ಅಂಕದಲ್ಲಿ ಮುಂದಾದುದು ಕನ್ನಡ ವಿಭಾಗಗಳಿಗೂ ಹೊಸತಲ್ಲ.

ಜೀವಕೋಶ ವಿಜ್ಞಾನಿಗಳೇ ಈ ರೋಗವನ್ನು ಮೊದಲು ಬಾಯಿಬಿಟ್ಟು ಹೇಳಿದವರಲ್ಲಿ ಸೇರಿದ್ದಾರೆಂಬುದು ಸಮಾಧಾನದ ಸಂಗತಿ. 2012ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅಮೆರಿಕದ ಜೀವಕೋಶ ವಿಜ್ಞಾನ ಸಂಘದ ವಾರ್ಷಿಕ ಸಮ್ಮೇಳನವು ನಡೆದಾಗ ಸಂಪಾದಕರೂ ಪ್ರಕಾಶಕರೂ ಸೇರಿ ಒಂದು ಘೋಷಣೆಯನ್ನು ರೂಪಿಸಿದರು. 2013ರಲ್ಲಿ ಅದು ಪ್ರಕಟವಾಯಿತು. ಪತ್ರಿಕೆಯ ಪ್ರಭಾವಾಂಕವನ್ನು ಪ್ರಬಂಧದ ಗುಣಕ್ಕೆ ಬದಲಿಯಾಗಿ ಬಳಸಬಾರದು, ನೇಮಕ ಬಡ್ತಿಗಳನ್ನು ಅದರಿಂದ ನಿರ್ಧರಿಸಬಾರದು, ಬರೆದುದನ್ನೇ ನೋಡಿ ಬೆಲೆ ಕಟ್ಟಬೇಕು ಎಂಬುದು ಅದರ ಸಾರ. ಸಹಿ ಮಾಡಿದ ಸಂಸ್ಥೆಗಳು ಸಾವಿರಾರು. ಆಚರಣೆಗೆ ತಂದವು ಎಷ್ಟು ಎಂಬುದು ಆಯಾ ಸಂಸ್ಥೆಗಳ ಅಂತಃಸಾಕ್ಷಿಗೆ ಬಿಟ್ಟ ವಿಚಾರ.

ಈ ಸಂಪುಟದ ವಾಚಕರಾದ ಅಧ್ಯಾಪಕ ಮಿತ್ರರಿಗೂ, ಹಳೆಯ ವಿದ್ಯಾರ್ಥಿಗಳಿಗೂ, ಶಾಲೆಗೆ ಆಧಾರವಾಗಿರುವ ದಾನಿಗಳಿಗೂ ಇದರಿಂದ ಬರುವ ಬೋಧೆಯೇನು? ನಮ್ಮಲ್ಲಿ ಉಲ್ಲೇಖಗಳ ಲೆಕ್ಕವಿಲ್ಲ. ಆದರೆ ಶೇಕಡಾವಾರು ಫಲಿತಾಂಶದ ಲೆಕ್ಕವಿದೆ. ಈ ವರ್ಷ ಎಷ್ಟು ಮಂದಿ ತೇರ್ಗಡೆಯಾದರು, ಎಷ್ಟು ಮಂದಿಗೆ ಉನ್ನತ ಶ್ರೇಣಿ ಬಂದಿತು ಎಂಬುದೇ ದಾನಿಗಳ ಮೊದಲ ಪ್ರಶ್ನೆಯಾದರೆ ಅಧ್ಯಾಪಕನು ಆ ಸಂಖ್ಯೆಯನ್ನೇ ಬೆಳೆಸುತ್ತಾನೆ. ಒಂದು ಹನಿ ನೀರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಗಂಟೆಗಟ್ಟಲೆ ನೋಡುವ ಹುಡುಗನು ಅವನಿಗೆ ಕಾಲಹರಣ ಮಾಡುವವನಾಗಿ ಕಾಣುತ್ತಾನೆ.

ಓಸುಮಿಯವರು ಪಾರಿತೋಷಕದ ಬಳಿಕ ಮಾಡಿದ ಕಾರ್ಯವೊಂದು ದಾನಿಗಳು ಮನನ ಮಾಡತಕ್ಕದ್ದು. ಕೆಲವೇ ವರ್ಷಗಳಲ್ಲಿ ಪ್ರಯೋಜನ ತೋರಿಸೆಂದು ಒತ್ತಾಯಿಸುವುದರಿಂದ ಮೂಲವಿಜ್ಞಾನವು ಸೊರಗುತ್ತದೆಂದು ಅವರು ಪದೇ ಪದೇ ಎಚ್ಚರಿಸಿದರು. ಮಾತಿಗೆ ನಿಲ್ಲದೆ 2017ರಲ್ಲಿ ಮೂಲವಿಜ್ಞಾನದ ಸಂಶೋಧನೆಗೆ ನೆರವಾಗುವ ಪ್ರತಿಷ್ಠಾನವೊಂದನ್ನು ತಮ್ಮ ಹೆಸರಿನಲ್ಲಿ ಸ್ಥಾಪಿಸಿದರು. ಹೆಸರಾಗುವುದಕ್ಕೆ ಮುಂಚಿನ ವರ್ಷಗಳಲ್ಲಿಯೇ ಆಸರೆ ಬೇಕೆಂಬುದನ್ನು ಆ ವರ್ಷಗಳನ್ನು ಕಳೆದವರು ಬಲ್ಲರು. ಬೆಳಗಿದ ದೀಪಕ್ಕೆ ಎಣ್ಣೆ ಹೊಯ್ಯಲು ಬಹುಮಂದಿ ಬರುತ್ತಾರೆ.

ಆದುದರಿಂದ ಒಂದು ಸಣ್ಣ ಸಲಹೆ. ಅತಿ ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಕೊಡುವ ದತ್ತಿನಿಧಿಗಳು ನಮ್ಮ ಶಾಲೆಗಳಲ್ಲಿ ಬೇಕಾದಷ್ಟಿವೆ, ಅವು ಇರಲಿ. ಇನ್ನು ಮುಂದೆ ಬರುವ ದತ್ತಿಗಳಲ್ಲಿ ಒಂದನ್ನಾದರೂ, ಒಂದೇ ವಸ್ತುವನ್ನು ವರ್ಷವಿಡೀ ನೋಡಿ ಬರೆದಿಟ್ಟ ವಿದ್ಯಾರ್ಥಿಗೆ ಮೀಸಲಿಡೋಣ. ಅದು ಕೆರೆಯ ನೀರಾಗಲಿ, ಹಿತ್ತಲಿನ ಹುಣಿಸೆಮರವಾಗಲಿ, ಅಜ್ಜಿಯ ಬಾಯಲ್ಲುಳಿದ ಹಳೆಯ ಮಾತುಗಳಾಗಲಿ. ಆ ಪುಸ್ತಕವನ್ನು ಇಬ್ಬರು ಅಧ್ಯಾಪಕರು ಮೊದಲ ಪುಟದಿಂದ ಕಡೆಯ ಪುಟದವರೆಗೆ ಓದಿ, ಬಹುಮಾನವೇಕೆಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆದು, ಸಹಿ ಮಾಡಿ ಕೊಡಲಿ. ಉಳಿದ ಹಣದಲ್ಲಿ ಒಂದೆರಡು ಸೂಕ್ಷ್ಮದರ್ಶಕಗಳು ಬರಲಿ, ಅವು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರದೆ ಮಕ್ಕಳ ಕೈಗೆ ಸಿಗಲಿ. ಓದಿ ಬೆಲೆ ಕಟ್ಟುವ ಅಭ್ಯಾಸವು ಶಾಲೆಯಲ್ಲಿಯೇ ಮೊಳೆತರೆ, ನಾಳೆ ವಿಶ್ವವಿದ್ಯಾನಿಲಯದ ಆಯ್ಕೆ ಸಮಿತಿಯಲ್ಲಿ ಕೂರುವ ನಮ್ಮ ಹಳೆಯ ವಿದ್ಯಾರ್ಥಿಯು ಅರ್ಜಿಯ ಮೇಲಿನ ಸಂಖ್ಯೆಯನ್ನು ನೋಡಿದ ಬಳಿಕ ಒಳಗಿನ ಪ್ರಬಂಧವನ್ನೂ ತೆರೆಯುವನು. ದಾನಿಗಳೂ ಅಧ್ಯಾಪಕರೂ ಈ ವಿಚಾರಕ್ಕೆ ಮನಸ್ಸು ಕೊಡುವರೆಂದು ನಂಬಿ ವಿರಮಿಸುತ್ತೇನೆ.